ವ್ಯಾಪಾರ ಕೊರತೆ ಇದ್ದರೆ ಬೆಳವಣಿಗೆಗೆ ಅಡ್ಡಿ ಯಾಕೆ?

ಪ್ರಶ್ನೆ:
ಪರೀಕ್ಷೆಗೆ ಓದುತ್ತಿದ್ದೇನೆ. ಆಮದು ಜಾಸ್ತಿ, ರಫ್ತು ಕಡಿಮೆ ಇರುವ ಬಡ ದೇಶ ವೇಗವಾಗಿ ಬೆಳೆಯಲಾರದು ಅಂತ ಓದಿದೆ. ದುಡಿಯುವ ಜನ ಇದ್ದಾರೆ, ನೋಟು ಅಚ್ಚು ಹಾಕುವ ಅಧಿಕಾರವೂ ಇದೆ. ಮತ್ತೆ ಅಡ್ಡಿ ಎಲ್ಲಿಂದ ಬರುತ್ತದೆ?

ಉತ್ತರ 1:
ಆ ನೋಟನ್ನು ಹೊರಗಿನವರು ತೆಗೆದುಕೊಳ್ಳುವುದಿಲ್ಲ, ಅಡ್ಡಿ ಅಲ್ಲೇ ಇದೆ. ತೈಲ, ಯಂತ್ರ, ಬಿಡಿಭಾಗ ಎಲ್ಲಕ್ಕೂ ಡಾಲರ್ ಬೇಕು. ಅದನ್ನು ರಫ್ತಿನಿಂದ ಗಳಿಸಬೇಕು, ವಿದೇಶದಲ್ಲಿ ದುಡಿಯುವವರು ಕಳಿಸಬೇಕು, ಹೂಡಿಕೆಯಾಗಿ ಬರಬೇಕು, ಇಲ್ಲವೇ ಸಾಲ ತರಬೇಕು.

ಬ್ರಿಟಿಷ್ ಅರ್ಥಶಾಸ್ತ್ರಜ್ಞ ಆಂಟನಿ ಥರ್ಲ್‌ವಾಲ್ 1979ರಲ್ಲಿ ಇದಕ್ಕೊಂದು ಸರಳ ಲೆಕ್ಕ ಕೊಟ್ಟರು. ದೇಶದ ಆದಾಯ ಶೇ 1ರಷ್ಟು ಏರಿದಾಗ ಆಮದು ಶೇ 2ರಷ್ಟು ಏರುತ್ತದೆ ಅಂದುಕೊಳ್ಳಿ. ರಫ್ತು ವರ್ಷಕ್ಕೆ ಶೇ 8ರಷ್ಟು ಬೆಳೆಯುತ್ತಿದೆ. ಆಗ ಸಾಲ ಏರಿಸಿಕೊಳ್ಳದೆ ಆ ದೇಶ ಬೆಳೆಯಬಹುದಾದದ್ದು ಶೇ 4 ಮಾತ್ರ. ಅದಕ್ಕಿಂತ ಜೋರಾಗಿ ಹೋದರೆ ಡಾಲರ್ ಖಾಲಿಯಾಗುತ್ತದೆ.

1991ರ ಭಾರತವನ್ನೇ ನೋಡಿ. ಎರಡು ವಾರದ ಆಮದಿಗೆ ಸಾಕಾಗುವಷ್ಟು ಡಾಲರ್ ಉಳಿದಿತ್ತು. ಸಾಲಕ್ಕೆ ಒತ್ತೆ ಇಡಲು ರಿಸರ್ವ್ ಬ್ಯಾಂಕಿನ ಚಿನ್ನ ಬ್ಯಾಂಕ್ ಆಫ್ ಇಂಗ್ಲೆಂಡಿಗೆ ಹೋಯಿತು. ಎಲ್ಲರೂ ನೆನಪಿಟ್ಟುಕೊಂಡಿರುವುದು ಆ ಚಿನ್ನವನ್ನು. ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು ಆಮದಿಗೆ ಬಿದ್ದ ಕಡಿವಾಣ. ಕಚ್ಚಾವಸ್ತು, ಬಿಡಿಭಾಗ ಸಿಗದೆ ಕಾರ್ಖಾನೆಗಳು ಸೊರಗಿದವು, ಆ ವರ್ಷದ ಬೆಳವಣಿಗೆ ಶೇ 1ರ ಆಸುಪಾಸಿಗೆ ಇಳಿಯಿತು. ಕೆಲಸಗಾರರು ಇದ್ದರು, ಯಂತ್ರವೂ ಇತ್ತು. ಇಲ್ಲದಿದ್ದದ್ದು ಡಾಲರ್.

ಪ್ರಶ್ನೆ ಕೇಳಿದವರು:
ಕರೆನ್ಸಿ ಮೌಲ್ಯ ಇಳಿಸಿದರೆ ಸರಿಹೋಗುತ್ತೆ ಅಲ್ವಾ ಸರ್?

ಉತ್ತರ 1:
ಸ್ವಲ್ಪ ಸಹಾಯವಾಗುತ್ತದೆ. ಬಟ್ಟೆ, ಸಾಫ್ಟ್‌ವೇರ್ ಮಾರುವವರಿಗೆ ಲಾಭ. ಆದರೆ ತೈಲ, ಔಷಧ ದುಬಾರಿಯಾಯಿತು ಅಂತ ತರಿಸದೆ ಇರಲು ಆಗುತ್ತದೆಯೇ? ಡಾಲರ್ ಸಾಲದ ಕಂತೂ ಭಾರವಾಗುತ್ತದೆ. ಚಹಾ, ಕಾಫಿ, ಅದಿರಿನ ಬೆಲೆ ಹೇಗೂ ಡಾಲರಿನಲ್ಲೇ ನಿಗದಿಯಾಗುತ್ತದೆ. ಕರೆನ್ಸಿ ಇಳಿಸಿದರೂ ಆ ಬೆಲೆ ಇಳಿಯದು, ಹಾಗಾಗಿ ಇಂಥ ಸರಕನ್ನೇ ನಂಬಿದ ದೇಶಕ್ಕೆ ಹೊಸ ಗಿರಾಕಿ ಸಿಗುವುದು ಕಷ್ಟ.

ಉತ್ತರ 2:
ಕೊರತೆಯನ್ನೇ ದೂರಬೇಡಿ. ದಕ್ಷಿಣ ಕೊರಿಯಾಕ್ಕೆ 1980ರ ದಶಕದ ಮಧ್ಯದವರೆಗೂ ಹೆಚ್ಚುಕಡಿಮೆ ಪ್ರತಿ ವರ್ಷ ವ್ಯಾಪಾರ ಕೊರತೆಯೇ ಇತ್ತು. ಆದರೂ ಬೆಳೆಯಿತಲ್ಲ?

ಉತ್ತರ 1:
ಒಪ್ಪುತ್ತೇನೆ. ಅವರು ಸಾಲದ ಡಾಲರಿನಲ್ಲಿ ಯಂತ್ರ ತಂದರು, ಉಕ್ಕು, ಹಡಗು ಮಾಡಿ ಮಾರಿದರು, ಸಾಲ ತೀರಿಸಿದರು. ಶ್ರೀಲಂಕಾದ ಸಾಲ ಹಾಗೆ ರಫ್ತಾಗಿ ವಾಪಸ್ ಬರಲಿಲ್ಲ. ಕೋವಿಡ್‌ನಲ್ಲಿ ಪ್ರವಾಸಿಗರೂ ನಿಂತರು. 2022ರ ಏಪ್ರಿಲ್‌ನಲ್ಲಿ ಅದು ವಿದೇಶಿ ಸಾಲದ ಕಂತು ಕಟ್ಟುವುದನ್ನೇ ನಿಲ್ಲಿಸಿತು. ಹಾಗಾಗಿ ಪರೀಕ್ಷೆಯಲ್ಲಿ ಕೊರತೆಯ ಗಾತ್ರವನ್ನಷ್ಟೇ ಬರೆಯಬೇಡಿ, ಆ ಡಾಲರಿನಲ್ಲಿ ದೇಶ ಏನು ತರಿಸಿತು ಅನ್ನುವುದನ್ನೂ ಬರೆಯಿರಿ.