ಸ್ಪೀಡ್ ಟೆಸ್ಟ್‌ನಲ್ಲಿ 38 ಬರತ್ತೆ, ವಿಡಿಯೋ ಕಾಲ್‌ನಲ್ಲಿ ಮಾತ್ರ ನಾನು ಕಲ್ಲಾಗ್ತೀನಿ

ಸುತ್ತೋ ಚಕ್ರ:
ಮನೇಲಿ 40 ಎಂಬಿಪಿಎಸ್ ಪ್ಲಾನ್ ಇದೆ, ಸ್ಪೀಡ್ ಟೆಸ್ಟ್ ಮಾಡಿದ್ರೆ 36-38 ತೋರ್ಸತ್ತೆ, ಅಪ್‌ಲೋಡ್ 4. ಇಷ್ಟು ಸಾಲ್ದಾ? ಸಂಜೆ 7 ಆದ್ಮೇಲೆ ಏನಾಗತ್ತೋ ಏನೋ, ಆಫೀಸ್ ಕಾಲ್‌ನಲ್ಲಿ ನಂಗೆ ಅವ್ರ ಮಾತು ಚೆನ್ನಾಗೇ ಕೇಳ್ಸತ್ತೆ, ನಾನು ಹೇಳೋದು ಅವ್ರಿಗೆ ಅರ್ಧಂಬರ್ಧ, ಆಮೇಲೆ ಹಾಗೇ ಫ್ರೀಝ್. ವೆಬ್ ಪೇಜುಗಳೂ ತೆವಳ್ತಾವೆ. ಇನ್ನೊಂದು, ಫೈಲ್ ಡೌನ್‌ಲೋಡ್ ಹಾಕಿದ್ರೆ ಸೆಕೆಂಡಿಗೆ 4.5 ಎಂಬಿ ದಾಟಲ್ಲ, 40 ಅಂತ ಹೇಳಿ 4 ಕೊಡ್ತಿದಾರಾ? ಕಂಪ್ಲೇಂಟ್ ಮಾಡಿದ್ರೆ ದೊಡ್ಡ ಪ್ಲಾನ್ ತಗೊಳ್ಳಿ ಅಂತಾರೆ. ರೌಟರ್ ಆಫ್ ಮಾಡಿ ಆನ್ ಮಾಡಿ ಸಾಕಾಗಿದೆ, ದಯವಿಟ್ಟು ಅದೊಂದು ಹೇಳ್ಬೇಡಿ.

ಕೇಬಲ್ ಪ್ರೇಮಿ:
4.5 ಬರ್ತಿರೋದು ಮೋಸ ಅಲ್ಲ. ಪ್ಲಾನ್ ಹೇಳೋದು ಮೆಗಾಬಿಟ್ ಲೆಕ್ಕ, ಡೌನ್‌ಲೋಡ್ ತೋರ್ಸೋದು ಮೆಗಾಬೈಟ್, 8 ಬಿಟ್ ಸೇರಿದ್ರೆ 1 ಬೈಟ್. 40ನ 8ರಿಂದ ಭಾಗಿಸಿದ್ರೆ 5, ನಿಮ್ಗೆ ಬರಬೇಕಾದ್ದು ಹೆಚ್ಚುಕಮ್ಮಿ ಬರ್ತಿದೆ.
ತೊಂದ್ರೆ ವೈಫೈದೋ ಲೈನಿಂದೋ ಅಂತ ಮೊದ್ಲು ಬೇರೆ ಮಾಡ್ಕೊಳ್ಳಿ. ಸಂಜೆ ಹಾಳಾದಾಗ್ಲೇ ರೌಟರ್‌ಗೆ ಒಂದು ಪಿಂಗ್ ಹಾಕಿ (ಸಣ್ಣ ಸಂದೇಶ ಕಳ್ಸಿ ಉತ್ತರ ಬರೋಕೆ ಎಷ್ಟು ಹೊತ್ತು ಅಂತ ಅಳೆಯೋದು; ರೌಟರ್ ಅಡ್ರೆಸ್ ಸಾಮಾನ್ಯವಾಗಿ 192.168.1.1 ಇರತ್ತೆ), ಆಮೇಲೆ ಹೊರಗಡೆ ಗೂಗಲ್ ಸರ್ವರ್ 8.8.8.8ಗೆ ಒಂದು. ರೌಟರ್‌ಗೇ ನೂರಾರು ಮಿಲಿಸೆಕೆಂಡ್ ಬಂದ್ರೆ ವೈಫೈ ಗಲಾಟೆ, 2.4ರಿಂದ 5 ಗಿಗಾಹರ್ಟ್ಸ್‌ಗೆ ಬದಲಾಯ್ಸಿ, ಇಲ್ಲಾ ಒಂದು ಕೇಬಲ್ ಎಳೀರಿ. ನನ್ ಕೇಳಿದ್ರೆ ಯಾವಾಗ್ಲೂ ಕೇಬಲ್ಲೇ ಅಂತೀನಿ, ಹೆಸರಲ್ಲೇ ಇದೆಯಲ್ಲ.

ಶಾರ್ಟ್‌ಕಟ್:
ಡಿಎನ್ಎಸ್ 1.1.1.1 ಹಾಕಿ ಗುರು, ರಾಕೆಟ್ ಆಗತ್ತೆ.

ಕೇಬಲ್ ಪ್ರೇಮಿ:
ರಾಕೆಟ್ಟೂ ಇಲ್ಲ ಗೀಕೆಟ್ಟೂ ಇಲ್ಲ. ಡಿಎನ್ಎಸ್ ಸೈಟಿನ ಅಡ್ರೆಸ್ ಹುಡುಕಿ ಕೊಡತ್ತೆ ಅಷ್ಟೇ, ಮೊದಲಿಂದು ತೀರಾ ನಿಧಾನ ಇದ್ರೆ ಪೇಜು ಶುರುವಾಗೋದು ಒಂಚೂರು ಬೇಗ ಆಗ್ಬೋದು. ಕಾಲ್ ಕಟ್ ಆಗೋದಕ್ಕೂ ಅದಕ್ಕೂ ಸಂಬಂಧ ಇಲ್ಲ.

ಸುತ್ತೋ ಚಕ್ರ:
ಈಗಷ್ಟೇ ನೋಡ್ದೆ. ರೌಟರ್‌ಗೆ 2-3 ಮಿಲಿಸೆಕೆಂಡ್. ಹೊರಗಡೆ ಮಧ್ಯಾಹ್ನ 20 ಇತ್ತು, ಈಗ 700ರಿಂದ 1200!! ಕೇಬಲ್ ಹಾಕಿದ್ರೂ ಅದೇ ಕಥೆ. ಹಂಗಾದ್ರೆ ಲೈನೇ ಸರಿ ಇಲ್ಲ ಅಲ್ವಾ?

ರಾತ್ರಿಗೂಬೆ:
ಇರಿ ಇರಿ, ಲೈನಿಗೆ ಬೈಯೋಕೆ ಮುಂಚೆ ಒಂದು ನೋಡಿ. ನಿಮ್ಗೆ ಅವ್ರ ಮಾತು ಕೇಳ್ಸತ್ತೆ, ಅವ್ರಿಗೆ ನಿಮ್ದು ಕೇಳ್ಸಲ್ಲ ಅಂದ್ರಲ್ಲ, ಅಂದ್ರೆ ಕಟ್ಕೊಂಡಿರೋದು ಅಪ್‌ಲೋಡ್ ಕಡೆ. ಸಂಜೆ ಎಲ್ರೂ ಮನೆಗೆ ಬರ್ತಾರೆ, ಫೋನ್‌ಗಳು ವೈಫೈ ಹಿಡಿದ ತಕ್ಷಣ ಹಗಲೆಲ್ಲಾ ತೆಗ್ದಿರೋ ಫೋಟೋ ವಿಡಿಯೋ ಮೇಲಕ್ಕೆ ತಳ್ಳೋಕೆ ಶುರು ಮಾಡ್ತಾವೆ, 4 ಎಂಬಿಪಿಎಸ್ ಕಿಂಡಿ ಅದು, ಹೊರಗೆ ಹೋಗಕ್ಕಾಗದೇ ಇರೋ ಡೇಟಾ ಎಲ್ಲಾ ರೌಟರ್ ಒಳಗೇ ಕ್ಯೂ ನಿಲ್ಲತ್ತೆ, ನಿಮ್ ಧ್ವನಿ ಆ ಕ್ಯೂನ ಬಾಲದಲ್ಲಿ. ಡೌನ್‌ಲೋಡ್ ಆಗೋವಾಗ್ಲೂ 'ಬಂತು, ಮುಂದಿಂದು ಕಳ್ಸು' ಅಂತ ಈ ಕಡೆಯಿಂದ ಉತ್ತರ ಹೋಗ್ತಾನೇ ಇರ್ಬೇಕು, ಅದೂ ಅಲ್ಲೇ ಸಿಕ್ಕಾಕೊಳ್ಳತ್ತೆ, ಅದಕ್ಕೇ ಪೇಜುಗಳೂ ತೆವಳೋದು. ಇದಕ್ಕೆ ಬಫರ್‌ಬ್ಲೋಟ್ ಅಂತಾರೆ. ಅಪ್‌ಲೋಡ್ ಅಷ್ಟೇ ಇಟ್ಟು ಡೌನ್‌ಲೋಡ್ 200ಕ್ಕೆ ಏರ್ಸಿದ್ರೂ ಈ ಕಾಯಿಲೆ ಹೋಗಲ್ಲ, ದುಡ್ಡು ದಂಡ.
ಎಲ್ಲಾ ಫೋನ್‌ನ ವೈಫೈ ಆಫ್ ಮಾಡಿ ಪಿಂಗ್ ನೋಡಿ. ಇಳಿದ್ರೆ ಕಳ್ಳ ಸಿಕ್ಕ ಅಂತ. ಶಾಶ್ವತ ಮದ್ದು ಅಂದ್ರೆ ರೌಟರ್‌ನಲ್ಲಿ ಎಸ್‌ಕ್ಯೂಎಂ (ಕ್ಯೂ ಉದ್ದ ಆಗದಂಗೆ ನೋಡ್ಕೊಳ್ಳೋ ಸೆಟ್ಟಿಂಗ್, ಓಪನ್‌ಡಬ್ಲ್ಯುಆರ್‌ಟಿ ಅನ್ನೋ ರೌಟರ್ ಸಾಫ್ಟ್‌ವೇರ್‌ನಲ್ಲಿ ಸಿಗತ್ತೆ), ಮಿತಿನ ಲೈನ್ ಸ್ಪೀಡಿನ 85-90 ಪರ್ಸೆಂಟ್‌ಗೆ ಇಡಿ. ಸ್ವಲ್ಪ ಸ್ಪೀಡ್ ಬಿಟ್ಕೊಟ್ರೆ ಕ್ಯೂ ಕಟ್ಟಲ್ಲ.

2ರಲ್ಲೇ ಬದುಕು:
ನಿಮ್ 40 ನೋಡಿ ಹೊಟ್ಟೆ ಉರೀತಿದೆ, ನನ್ ಲೈನ್ ಬರೋದೇ 2. ಕಾಲ್‌ನಲ್ಲಿ ವಿಡಿಯೋ ಆಫ್, ಬರೀ ಧ್ವನಿಗೆ 100 ಕೆಬಿಪಿಎಸ್ ಸಾಕು, ಎಲ್ರೂ ಅಭ್ಯಾಸ ಮಾಡ್ಕೊಂಡಿದಾರೆ. ಸಿನಿಮಾ 360ಪಿ ಕ್ವಾಲಿಟಿಲಿ. ವಿಂಡೋಸ್‌ನಲ್ಲಿ ಕನೆಕ್ಷನ್ನ ಮೀಟರ್ಡ್ (ಡೇಟಾ ಅಳತೆ ಮೇಲೆ ಸಿಗೋದು) ಅಂತ ಗುರುತು ಹಾಕಿದೀನಿ, ಅಪ್‌ಡೇಟ್‌ಗಳು ಹೆಚ್ಚುಕಮ್ಮಿ ತೆಪ್ಪಗಿರ್ತಾವೆ. ದೊಡ್ಡ ಫೈಲ್ ಇದ್ರೆ ಕಟ್ ಆದ್ರೂ ನಿಂತಲ್ಲಿಂದ ಮುಂದುವರ್ಸೋ ಡೌನ್‌ಲೋಡರ್‌ಗೆ ಹಾಕಿ ಮಲಗ್ತೀನಿ. 1 ಜಿಬಿಗೆ ಒಂದು ಗಂಟೆ ಮೇಲೆ ಬೇಕು.

ಸುತ್ತೋ ಚಕ್ರ:
ಗೂಬೆಯವ್ರೇ ಅಡ್ಡಬಿದ್ದೆ. ಅಪ್ಪನ ಫೋನ್! ಬೆಕ್ಕಿನ ವಿಡಿಯೋ, 30 ಜಿಬಿ ಬ್ಯಾಕಪ್ ಬಾಕಿ ಇದೆ. ನಿಲ್ಸಿದ ತಕ್ಷಣ ಪಿಂಗ್ 22. ಲೆಕ್ಕ ಹಾಕಿದ್ರೆ ಪೂರ್ತಿ 4 ಸಿಕ್ಕಿದ್ರೂ ಇನ್ನೂ 16-17 ಗಂಟೆ ಬೇಕು ಅದಕ್ಕೆ. ಬ್ಯಾಕಪ್ ಬೇಡ ಅಂದ್ರೆ ಅಪ್ಪ ಕೇಳಲ್ಲ. ನನ್ ರೌಟರ್‌ನಲ್ಲಿ ಎಸ್‌ಕ್ಯೂಎಂ ಇಲ್ಲ, ಕ್ಯೂಒಎಸ್ ಅಂತ ಒಂದು ಇದೆ.

ರಾತ್ರಿಗೂಬೆ:
ಕ್ಯೂಒಎಸ್ ಅಂದ್ರೆ ಯಾವ ಡೇಟಾಗೆ ಮೊದ್ಲು ದಾರಿ ಅಂತ ಹೇಳೋ ಸೆಟ್ಟಿಂಗ್. ಅದ್ರಲ್ಲಿ ಒಂದೊಂದು ಡಿವೈಸ್‌ಗೆ ಅಪ್‌ಲೋಡ್ ಮಿತಿ ಹಾಕೋಕೆ ಆಗತ್ತಾ ನೋಡಿ. ಇದ್ರೆ ಅಪ್ಪನ ಫೋನ್‌ಗೆ 2 ಕೊಡಿ. ಬೆಕ್ಕುಗಳು ನಿಧಾನಕ್ಕೆ ಹೋಗ್ಲಿ.