ಐಎಸ್‌ಪಿಯವರು (ನೆಟ್ ಕೊಡೋ ಕಂಪನಿಯವ್ರು) ಪದೇಪದೇ ನಮ್ಮ ಕನೆಕ್ಷನ್‌ಗೆ ಪಿಂಗ್ ಮಾಡ್ತಿರೋದು ಯಾಕೆ?

ತಂತಿಜಾಲ:
ರೂಟರ್‌ನ ಫೈರ್‌ವಾಲ್ ಲಾಗ್ ತೆಗೆದು ನೋಡಿದ್ರೆ ಒಂದೇ ಐಪಿ ಅಡ್ರೆಸ್‌ನಿಂದ ಹಗಲೂ ರಾತ್ರಿ ಐಸಿಎಂಪಿ ಎಕೋ ರಿಕ್ವೆಸ್ಟ್ (ಅಂದ್ರೆ ಪಿಂಗ್, ‘ಇದೀಯಾ?’ ಅಂತ ಕೇಳೋ ಸಣ್ಣ ಸಂದೇಶ) ಬರ್ತಾನೇ ಇದೆ, ಐದೈದು ನಿಮಿಷಕ್ಕೆ ಒಂದೊಂದು ಗುಂಪು. ಹುಡುಕಿದ್ರೆ ಆ ಅಡ್ರೆಸ್ ನಮ್ಮ ಐಎಸ್‌ಪಿದೇ. ನಾನು ಯಾವಾಗ ನೆಟ್ ಬಳಸ್ತೀನಿ ಅಂತ ನೋಡ್ತಿದಾರಾ? ಇದ್ರಿಂದ ಡೇಟಾ ಖರ್ಚಾಗುತ್ತಾ? ರೂಟರ್‌ನಲ್ಲಿ ಹೊರಗಿನ ಪಿಂಗ್‌ಗೆ ಉತ್ತರ ಕೊಡದೇ ಇರೋ ಆಪ್ಷನ್ ಇದೆ, ಆನ್ ಮಾಡ್ಲಾ? ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ.

ರಾತ್ರಿಪಾಳಿ:
ನಾನು ಇಂಥ ಮಾನಿಟರಿಂಗ್ ಕೆಲಸದಲ್ಲೇ ಇರೋದು, ಹಂಗಾಗಿ ಸ್ವಲ್ಪ ಉದ್ದ ಬರೀತೀನಿ. ಐದು ನಿಮಿಷಕ್ಕೊಂದು ಗುಂಪು ಅಂದ್ರಲ್ಲ, ಅದು ಸ್ಮೋಕ್‌ಪಿಂಗ್ ಅಥವಾ ಆ ಥರದ್ದೇ ಸಾಫ್ಟ್‌ವೇರ್ ಇರಬಹುದು, ಅದ್ರ ಡಿಫಾಲ್ಟ್ ಸೆಟ್ಟಿಂಗೇ 300 ಸೆಕೆಂಡಿಗೆ 20 ಪಿಂಗ್. ಒಂದೇ ಪಿಂಗ್ ಕಳಿಸಿದ್ರೆ ಲೈನ್ ಇದೆಯೋ ಇಲ್ವೋ ಅನ್ನೋದಷ್ಟೇ ಗೊತ್ತಾಗುತ್ತೆ, 20 ಕಳಿಸಿದ್ರೆ ಎಷ್ಟು ಕಳೆದುಹೋಯ್ತು, ಹೋಗಿ ಬರೋಕೆ ಎಷ್ಟು ಮಿಲಿಸೆಕೆಂಡ್ ಹಿಡೀತು, ಆ ಟೈಮು ಒಂದೇ ಸಮ ಇದೆಯಾ ಇಲ್ಲಾ ಏರಿಳೀತಿದೆಯಾ, ಎಲ್ಲಾ ಗ್ರಾಫಲ್ಲಿ ಕಾಣ್ಸುತ್ತೆ.

ಇದ್ರಿಂದ ಏನುಪಯೋಗ ಅಂದ್ರೆ, ಒಬ್ಬರ ರೂಟರ್ ಮಾತ್ರ ಸುಮ್ಮನಾದ್ರೆ ಅವ್ರು ಸ್ವಿಚ್ ಆಫ್ ಮಾಡಿರಬಹುದು ಅಥವಾ ಕರೆಂಟ್ ಹೋಗಿರಬಹುದು ಅಂದ್ಕೊಳ್ತೀವಿ, ಆದ್ರೆ ಒಂದೇ ಬಾಕ್ಸಿಗೆ ಸೇರಿದ ಕನೆಕ್ಷನ್‌ಗಳೆಲ್ಲ ಒಟ್ಟಿಗೇ ಸುಮ್ಮನಾದ್ರೆ ಅಲ್ಲೇ ಏನೋ ಕೆಟ್ಟಿದೆ ಅಂತ ಕಂಪ್ಲೇಂಟ್ ಬರೋಕೆ ಮುಂಚೆನೇ ಗೊತ್ತಾಗುತ್ತೆ. ದಿನಾ ಸಂಜೆ ಹೊತ್ತಲ್ಲೇ ಟೈಮ್ ಏರ್ತಿದೆ ಅಂದ್ರೆ ಆ ಕಡೆಯ ಲಿಂಕ್ ತುಂಬಿಹೋಗ್ತಿದೆ, ಕೆಪ್ಯಾಸಿಟಿ ಜಾಸ್ತಿ ಮಾಡ್ಬೇಕು ಅಂತರ್ಥ. ನಂಗೆ ಅತಿ ಮುಖ್ಯ ಅನ್ಸೋದು ಇದೇ ಎರಡನೇದು, ಯಾಕಂದ್ರೆ ಪೂರ್ತಿ ಕಡಿದ ಲೈನ್ ಬಗ್ಗೆ ಎಲ್ರೂ ಫೋನ್ ಮಾಡ್ತಾರೆ, ನಿಧಾನಕ್ಕೆ ಕೆಡ್ತಿರೋ ಲೈನನ್ನ ಜನ ಸಹಿಸ್ಕೊಂಡು ಸುಮ್ನಿರ್ತಾರೆ.

ಇನ್ನು ಕಣ್ಣಿಡೋ ವಿಷ್ಯ. ಪಿಂಗ್‌ಗೆ ನಿಮ್ಮ ರೂಟರ್ ಕೊಡೋ ಉತ್ತರ ಅಂದ್ರೆ ಅವ್ರು ಕಳಿಸಿದ್ದನ್ನೇ ವಾಪಸ್ ಕಳಿಸೋದು, ನೀವು ಯಾವ ಸೈಟ್ ನೋಡಿದ್ರಿ ಅನ್ನೋದು ಅದ್ರಲ್ಲಿ ಇರಲ್ಲ. ನಿಮ್ಮ ಟ್ರಾಫಿಕ್ ಎಲ್ಲಾ ಹೆಂಗೂ ಅವರ ಉಪಕರಣದ ಮೇಲೇ ಹಾದು ಹೋಗ್ಬೇಕು, ಯಾವಾಗ ನೆಟ್ ಬಳಸ್ತೀರಿ ಅಂತ ತಿಳ್ಕೊಳೋಕೆ ಪಿಂಗ್ ಬೇಕಾಗೇ ಇಲ್ಲ. ಪ್ರೈವಸಿ ಬಗ್ಗೆ ಯೋಚ್ನೆ ಇದ್ರೆ ಡಿಎನ್ಎಸ್ (ಸೈಟ್ ಹೆಸರಿಗೆ ಐಪಿ ಅಡ್ರೆಸ್ ಹುಡುಕಿ ಕೊಡೋ ವ್ಯವಸ್ಥೆ) ಕಡೆ ನೋಡಿ, ಅದು ನಿಜವಾದ ಪ್ರಶ್ನೆ. ಡೇಟಾ ಲೆಕ್ಕ ಹೇಳೋದಾದ್ರೆ ಲಿನಕ್ಸ್‌ನ ಮಾಮೂಲಿ ಪಿಂಗ್ ಪ್ಯಾಕೆಟ್ ಐಪಿ ಹೆಡರ್ ಸೇರಿ 84 ಬೈಟ್, ಈ ಲೆಕ್ಕದಲ್ಲಿ ದಿನಕ್ಕೆ 5,760 ಪಿಂಗ್, ಹೋಗೋದು ಬರೋದು ಎರಡೂ ಸೇರಿಸಿದ್ರೂ 1 ಎಂಬಿ ದಾಟಲ್ಲ.

ಭದ್ರಬೇಲಿ:
ನಾನಾದ್ರೆ ಪಿಂಗ್‌ಗೆ ಉತ್ತರ ಕೊಡೋದನ್ನ ಆಫ್ ಮಾಡೇ ಇಡ್ತೀನಿ. ಯಾರ್ಯಾರೋ ಇಡೀ ಇಂಟರ್‌ನೆಟ್ ಸ್ಕ್ಯಾನ್ ಮಾಡ್ತಾ ಇರ್ತಾರೆ, ಅವ್ರಿಗೆ ನಾವ್ಯಾಕೆ ಇಲ್ಲಿದೀವಿ ಅಂತ ಉತ್ತರ ಕೊಡ್ಬೇಕು? 90ರ ದಶಕದಲ್ಲಿ ಪಿಂಗ್ ಆಫ್ ಡೆತ್ ಅಂತ ಬಂದಿತ್ತು, 65,535 ಬೈಟ್ ಮಿತಿ ಮೀರಿದ ಒಂದು ಪಿಂಗ್‌ಗೆ ಎಷ್ಟೋ ಸಿಸ್ಟಮ್ ಕ್ರ್ಯಾಶ್ ಆಗ್ತಿದ್ವು. ಅದೂ ಅಲ್ದೆ ಐಎಸ್‌ಪಿಗೆ ಬೇರೆ ದಾರಿ ಇದೆ. ಪಿಪಿಪಿಒಇ (ಯೂಸರ್‌ನೇಮ್ ಪಾಸ್‌ವರ್ಡ್ ಹಾಕಿ ಲಾಗಿನ್ ಆಗೋ ಕನೆಕ್ಷನ್) ಆದ್ರೆ ಸೆಷನ್ ಬದುಕಿದೆಯಾ ಅಂತ ನೋಡೋ ಎಲ್‌ಸಿಪಿ ಎಕೋ ಇದೆ, ಕೇಬಲ್ ಮೋಡೆಮ್ ಆದ್ರೆ ಸಿಎಂಟಿಎಸ್ (ಕಂಪನಿ ಕಡೆಯ ಕೇಬಲ್ ಉಪಕರಣ) ಕಡೆಯಿಂದ ಆಗಾಗ ವಿಚಾರಿಸ್ತಾನೇ ಇರ್ತಾರೆ, ಫೈಬರ್ ಆದ್ರೆ ಆ ಕಡೆಯ ಓಎಲ್‌ಟಿಗೆ (ಕಂಪನಿಯ ಫೈಬರ್ ಉಪಕರಣ) ನಿಮ್ಮ ಓಎನ್‌ಟಿ (ಮನೆಯಲ್ಲಿರೋ ಫೈಬರ್ ಬಾಕ್ಸ್) ಆನ್ ಇದೆಯೋ ಇಲ್ವೋ, ಲೈಟ್ ಎಷ್ಟು ಸಿಗ್ತಿದೆ ಎಲ್ಲಾ ಗೊತ್ತಿರುತ್ತೆ.

ರಾತ್ರಿಪಾಳಿ:
@ಭದ್ರಬೇಲಿ ನೀವು ಹೇಳಿದ ದಾರಿಗಳು ನಿಜ, ಆದ್ರೆ ಅವು ಹೇಳೋದು ಕೊನೇ ತುಂಡು ಲೈನ್ ಬದುಕಿದೆ ಅಂತ ಮಾತ್ರ. ಲೈಟ್ ಸರಿ ಇದ್ದು, ಸೆಷನ್ ಮೇಲಿದ್ದು, ಮುಂದೆ ರೂಟಿಂಗ್ ಕೆಟ್ಟು ಪ್ಯಾಕೆಟ್ ಎಲ್ಲೂ ಹೋಗ್ದೆ ಇರೋ ಕೇಸ್ ಬೇಕಾದಷ್ಟು ನೋಡಿದೀನಿ, ಆವಾಗ ಸಿಕ್ಕಿಬೀಳೋದು ಪಿಂಗ್‌ನಿಂದಾನೇ. ಪಿಂಗ್ ಆಫ್ ಡೆತ್ ಅನ್ನೋದು ಆಗಿನ ಸಾಫ್ಟ್‌ವೇರ್ ದೋಷ, ಅದನ್ನ ಆವಾಗ್ಲೇ ಸರಿ ಮಾಡಿದಾರೆ. ಸ್ಕ್ಯಾನ್ ಮಾಡೋರು ಪಿಂಗ್‌ಗೆ ಉತ್ತರ ಬರ್ದಿದ್ರೂ ಪೋರ್ಟ್ (ನೆಟ್‌ನಿಂದ ಒಳಬರೋ ಬಾಗಿಲು ಇದ್ದಂಗೆ) ತಟ್ಟಿ ನೋಡೇ ನೋಡ್ತಾರೆ, ಹಂಗಾಗಿ ಬೇಡದ ಪೋರ್ಟ್ ಮುಚ್ಚೋದು, ಫರ್ಮ್‌ವೇರ್ ಅಪ್‌ಡೇಟ್ ಮಾಡೋದು ಇವೇ ನಿಜವಾದ ರಕ್ಷಣೆ.

ಒಂದು ಮಾತು ಎಲ್ರಿಗೂ: ಎಕೋ ರಿಕ್ವೆಸ್ಟ್ ಒಂದನ್ನ ತಡೆದ್ರೆ ಅಂಥ ನಷ್ಟ ಇಲ್ಲ, ಆದ್ರೆ ದಯವಿಟ್ಟು ಐಸಿಎಂಪಿನ (ಪಿಂಗ್ ಜೊತೆಗೆ ನೆಟ್‌ವರ್ಕಿನ ದೋಷದ ಸೂಚನೆಗಳನ್ನೂ ಸಾಗಿಸೋ ವ್ಯವಸ್ಥೆ) ಪೂರ್ತಿ ಬ್ಲಾಕ್ ಮಾಡ್ಬೇಡಿ. ಪಿಪಿಪಿಒಇ ಲೈನ್‌ನಲ್ಲಿ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) ಸಾಮಾನ್ಯವಾಗಿ 1500 ಬೈಟ್ ಬದ್ಲು 1492, ಪ್ಯಾಕೆಟ್ ದೊಡ್ಡದಾಯ್ತು ಅಂತ ಹೇಳೋ ಮೆಸೇಜೂ ಐಸಿಎಂಪಿನೇ. ಅದು ಕಳಿಸಿದವ್ರಿಗೆ ತಲುಪ್ದೇ ಇದ್ರೆ ಸಣ್ಣ ಪುಟ ತೆರಿಯುತ್ತೆ, ದೊಡ್ಡ ಫೈಲ್ ಅರ್ಧಕ್ಕೇ ನಿಂತ್ಬಿಡುತ್ತೆ, ಕಾರಣ ಹುಡುಕೋಕೆ ಜೀವ ಹೋಗುತ್ತೆ. ಐಪಿವಿ6ನಲ್ಲಿ ದಾರಿ ಮಧ್ಯದ ರೂಟರ್‌ಗಳು ಪ್ಯಾಕೆಟ್ ತುಂಡು ಮಾಡೋದೇ ಇಲ್ಲ, ಹಂಗಾಗಿ ಅಲ್ಲಿ ಇದಿಲ್ದೆ ಆಗೋದೇ ಇಲ್ಲ.

ಮಿಲಿಸೆಕೆಂಡ್:
ನಂದೊಂದು ಸೇರಿಸ್ತೀನಿ. ನಮ್ಮನೆ ಲೈನ್ ಸಂಜೆಯಾದ್ರೆ ಎಳೀತಿತ್ತು, ಕಾಲ್ ಸೆಂಟರ್‌ನವ್ರು ನಮ್ಮ ಕಡೆ ಎಲ್ಲಾ ಸರಿ ಇದೆ ಅನ್ನೋರು. ನಿಮ್ಮ ಪಿಂಗ್ ಗ್ರಾಫ್ ನೋಡಿ ಹೇಳಿ ಅಂತ ಟಿಕೆಟ್‌ನಲ್ಲಿ ಬರೆದ ಮೇಲೇನೇ ಅದು ನೆಟ್‌ವರ್ಕ್ ಟೀಮಿಗೆ ಹೋಯ್ತು, ಲಾಸ್ (ಪ್ಯಾಕೆಟ್ ಕಳೆದುಹೋಗೋದು) ಇರೋದು ಅವ್ರಿಗೇ ಕಾಣ್ಸ್ತು. ಅವರ ದಾಖಲೆ ನಮಗೂ ಸಾಕ್ಷಿ ಆಗುತ್ತೆ, ಅದಕ್ಕೇ ನಾನು ಉತ್ತರ ಕೊಡೋಕೆ ಬಿಟ್ಟಿದೀನಿ. ನೀವೂ ಕಂಪ್ಯೂಟರ್‌ನಿಂದ ಮೊದಲು ರೂಟರ್‌ಗೆ, ಆಮೇಲೆ ಐಎಸ್‌ಪಿ ಗೇಟ್‌ವೇಗೆ (ಅವರ ಕಡೆಯ ಮೊದಲ ರೂಟರ್) ಪಿಂಗ್ ಹಾಕಿ ನೋಡಿ, ರೂಟರ್‌ವರೆಗೇ ಲಾಸ್ ಇದ್ರೆ ಅದು ವೈಫೈ ತಾಪತ್ರಯ. ಟ್ರೇಸ್‌ನಲ್ಲಿ (ಪ್ಯಾಕೆಟ್ ಹೋಗೋ ದಾರಿ ತೋರಿಸೋ ಪರೀಕ್ಷೆ) ಮಧ್ಯದ ಒಂದು ಹಾಪ್‌ನಲ್ಲಿ (ದಾರಿಯಲ್ಲಿ ಸಿಗೋ ಒಂದು ರೂಟರ್) ಮಾತ್ರ ಲಾಸ್ ತೋರಿಸಿ ಮುಂದಿನದೆಲ್ಲ ಸರಿ ಇದ್ರೆ ಗಾಬರಿ ಬೇಡ, ಆ ರೂಟರ್ ಪಿಂಗ್‌ಗೆ ಉತ್ತರ ಕೊಡೋದನ್ನ ಕಮ್ಮಿ ಮಾಡಿದೆ ಅಷ್ಟೇ.

ತಂತಿಜಾಲ:
ತುಂಬಾ ಥ್ಯಾಂಕ್ಸ್ ಎಲ್ರಿಗೂ. ಐಎಸ್‌ಪಿ ಅಡ್ರೆಸ್‌ಗೆ ಮಾತ್ರ ಉತ್ತರ ಕೊಟ್ಟು ಉಳಿದವ್ರಿಗೆ ಬೇಡ ಅನ್ನೋಕಾಗುತ್ತಾ?

ರಾತ್ರಿಪಾಳಿ:
ರೂಟರ್‌ನಲ್ಲಿ ಫೈರ್‌ವಾಲ್ ರೂಲ್ ಬರಿಯೋಕೆ ಜಾಗ ಇದ್ರೆ ಖಂಡಿತ ಆಗುತ್ತೆ, ಲಾಗ್‌ನಲ್ಲಿರೋ ಆ ಅಡ್ರೆಸ್‌ಗೆ ಎಕೋ ರಿಕ್ವೆಸ್ಟ್ ಅಲೋ ಮಾಡಿ. ಬರೀ ಆನ್ ಆಫ್ ಬಟನ್ ಇದ್ರೆ ಉತ್ತರ ಕೊಡೋಕೆ ಬಿಡಿ. ನಿಮ್ಮ ರೂಟರ್‌ನ ಹೊರಗಿನ ಅಡ್ರೆಸ್ 100.64ರಿಂದ 100.127 ಒಳಗೆ ಶುರುವಾಗ್ತಿದ್ರೆ ನೀವು ಸಿಜಿನ್ಯಾಟ್ (ಹಲವು ಗ್ರಾಹಕರಿಗೆ ಒಂದೇ ಪಬ್ಲಿಕ್ ಐಪಿ ಹಂಚೋ ವ್ಯವಸ್ಥೆ) ಹಿಂದೆ ಇದೀರಿ, ಹೊರಗಿನವ್ರ ಪಿಂಗ್ ನಿಮ್ಮ ರೂಟರ್ ತನಕ ಬರೋದೇ ಇಲ್ಲ.