ಮಲೆನಾಡಿನ ಶಾಲೆಗಳಲ್ಲಿ ಟೆನಿಸ್ ಕಲಿಸಿ ಜೀವನ ಮಾಡಬಹುದಾ?

ಚಿಕ್ಕಮಗಳೂರು ಹುಡುಗ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಅಕಾಡೆಮಿಯೊಂದರಲ್ಲಿ ಟೆನಿಸ್ ಕೋಚ್ ಆಗಿದ್ದೇನೆ. ಈಗ ಊರಿಗೆ ವಾಪಸ್ ಬರುವ ಮನಸ್ಸಿದೆ. ಮೂಡಿಗೆರೆ, ಸಕಲೇಶಪುರದ ಕಡೆ ಸರ್ಕಾರಿ ಶಾಲೆ ಮಕ್ಕಳಿಗೆ ಟೆನಿಸ್ ಕಲಿಸಬೇಕು ಅನ್ನುವುದು ಬಹಳ ದಿನದ ಆಸೆ. ನಮ್ಮ ಕಡೆ ಟೆನಿಸ್ ಅಂದ್ರೆ ಪ್ಲಾಂಟರ್ಸ್ ಕ್ಲಬ್ಬಿನ ಆಟ. ಹೊರಗಿನ ಮಕ್ಕಳಿಗೆ ಟೆನಿಸ್ ಬಾಲ್ ಚೆನ್ನಾಗಿ ಗೊತ್ತು, ಆದ್ರೆ ಅದು ಕ್ರಿಕೆಟ್ ಆಡುವುದಕ್ಕೆ! ಕೋರ್ಟ್ ಕಟ್ಟಿಸುವಷ್ಟು ದುಡ್ಡು ಯಾವ ಶಾಲೆಯಲ್ಲಿದೆ? ಎಲ್ಲಿಂದ ಶುರು ಮಾಡಲಿ? ಇದನ್ನೇ ನಂಬಿಕೊಂಡು ಸಂಸಾರ ನಡೆಸಬಹುದಾ?

ಹಾಸನದ ಕೋಚ್

ಬನ್ನಿ ಸರ್, ಖಂಡಿತ ಬನ್ನಿ. ಕೋರ್ಟ್ ಬಗ್ಗೆ ಈಗಲೇ ತಲೆ ಕೆಡಿಸಿಕೊಳ್ಳಬೇಡಿ. ಪೂರ್ತಿ ಕೋರ್ಟ್ 78 ಅಡಿ ಉದ್ದ, ಎಂಟು ವರ್ಷದ ಮಗುವನ್ನು ಅಲ್ಲಿ ನಿಲ್ಲಿಸಿದರೆ ಅದು ಆಡುವುದಕ್ಕಿಂತ ಚೆಂಡು ಹೆಕ್ಕುವುದೇ ಜಾಸ್ತಿ. ಚಿಕ್ಕ ಮಕ್ಕಳ ಟೆನಿಸ್‌ಗೆಂದೇ ಮಾಡಿದ ಕೆಂಪು ಚೆಂಡು ತನ್ನಿ. ಮಾಮೂಲಿ ಚೆಂಡಿಗಿಂತ ಸುಮಾರು ಶೇ. 75 ನಿಧಾನ, ಪುಟಿಯುವುದೂ ಕಡಿಮೆ. 36 ಅಡಿ ಉದ್ದದ ಜಾಗ ಸಾಕು, ಅಂದ್ರೆ ಶಾಲೆಯಲ್ಲಿ ಬ್ಯಾಡ್ಮಿಂಟನ್ ಗೆರೆ ಇದ್ದರೆ ಅದರೊಳಗೇ ಆಟ ಹಿಡಿಸುತ್ತದೆ. ನೆಟ್ ಮೂರು ಅಡಿಗಿಂತ ಸ್ವಲ್ಪ ಕೆಳಗಿರಲಿ, ಹಗ್ಗ ಕಟ್ಟಿದರೂ ನಡೆಯುತ್ತದೆ. ಇದು ಬಡ ಶಾಲೆಗೆಂದು ಮಾಡಿಕೊಂಡ ಹೊಂದಾಣಿಕೆ ಅಲ್ಲ. 10 ವರ್ಷದೊಳಗಿನವರ ಸ್ಪರ್ಧೆಗಳಲ್ಲಿ ಮಾಮೂಲಿ ಹಳದಿ ಚೆಂಡು ಬಳಸಬಾರದು ಅಂತ 2012ರಿಂದ ಅಂತರರಾಷ್ಟ್ರೀಯ ಟೆನಿಸ್ ಫೆಡರೇಶನ್ನಿನ ನಿಯಮವೇ ಇದೆ.

ಇನ್ನು ಸಂಸಾರದ ಮಾತು. ಶಾಲೆಯಿಂದ ಸಂಬಳ ನಿರೀಕ್ಷಿಸಬೇಡಿ. ಬೆಳಿಗ್ಗೆ ಆರರಿಂದ ಎಂಟರವರೆಗೆ ಪೇಟೆಯ ದೊಡ್ಡವರ ಬ್ಯಾಚ್ ಇಟ್ಟುಕೊಳ್ಳಿ: ಡಾಕ್ಟರುಗಳು, ಬ್ಯಾಂಕಿನವರು, ವ್ಯಾಪಾರ ಮಾಡುವವರು. ಸಂಜೆ ಫೀಸ್ ಕೊಡುವ ಮಕ್ಕಳು. ನನ್ನ ಮನೆ ಖರ್ಚು ಆ ಎರಡರಲ್ಲೇ ನಡೆಯುತ್ತದೆ. ಮಧ್ಯದ ಹೊತ್ತು ಶಾಲೆಗಳಿಗೆ. ಕಷ್ಟ ಇದೆ, ಇಲ್ಲ ಅನ್ನುವುದಿಲ್ಲ, ಆದರೆ ಈ ಕೆಲಸ ಬಿಟ್ಟು ಬೇರೆ ಮಾಡುತ್ತೇನೆ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ.

ಪಿಟಿ ಮೇಷ್ಟ್ರು, ಬೇಲೂರು ಕಡೆ

ಮೇಲಿನವರು ಹೇಳಿದ್ದು ಸರಿ, ಆದರೆ ಮುಖ್ಯವಾದದ್ದು ಬಿಟ್ಟಿದ್ದಾರೆ. ನೀವು ವಾರಕ್ಕೊಮ್ಮೆ ಬಂದು ಹೋದರೆ ಆಟ ಉಳಿಯುವುದಿಲ್ಲ, ಉಳಿದ ದಿನ ಆಡಿಸುವವರು ನಾವು, ಹಾಗಾಗಿ ಮೊದಲು ಪಿಟಿ ಟೀಚರಿಗೆ ಕಲಿಸಿ, ರ‍್ಯಾಕೆಟ್ ಚೀಲವನ್ನು ಶಾಲೆಯಲ್ಲೇ ಬಿಡಿ, ಬೀಗ ಹಾಕಿದ ಬೀರುವಿನಲ್ಲಿ ಅಲ್ಲ. ನಮಗೆ ಟ್ರಾನ್ಸ್‌ಫರ್ ಆಗುತ್ತದೆ. ಅದಕ್ಕೇ ಏಳನೇ ಕ್ಲಾಸಿನ ಮಕ್ಕಳಿಂದ ಮೂರನೇ ಕ್ಲಾಸಿನವರಿಗೆ ಆಡಿಸುವ ಅಭ್ಯಾಸ ಮಾಡಿಸಿ. ಸಂಜೆ ಬಸ್ ಸಮಯ ನೋಡಿಕೊಳ್ಳಿ, ಒಂದು ಬಸ್ ತಪ್ಪಿದರೆ ಮಗು ಮನೆ ಸೇರುವಾಗ ಕತ್ತಲಾಗುತ್ತದೆ, ಆಮೇಲೆ ಅಪ್ಪ ಅಮ್ಮ ಕಳಿಸುವುದೇ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಆಗ ಸಮುದಾಯ ಭವನವೇ ಗತಿ.

ಹಾಸನದ ಅಮ್ಮ

ಸರ್, ಹೆಣ್ಣುಮಕ್ಕಳ ಬ್ಯಾಚ್ ಮರೆಯಬೇಡಿ. ನನ್ನ ಮಗಳು ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡೇ ಆಡುತ್ತಾಳೆ, ಸ್ಕರ್ಟ್ ಹಾಕಲೇಬೇಕು ಅಂದಿದ್ದರೆ ನಮ್ಮ ಮನೆಯಲ್ಲಿ ಹಿರಿಯರು ಮೊದಲ ದಿನವೇ ಬೇಡ ಅನ್ನುತ್ತಿದ್ದರು. ಮಕ್ಕಳಿಗೆ ಟೆನಿಸ್ ಆಟಗಾರ ರೋಹನ್ ಬೋಪಣ್ಣ ಅವರ ಬಗ್ಗೆ ಹೇಳಿ. ಪಕ್ಕದ ಕೊಡಗಿನ ಕಾಫಿ ಬೆಳೆಗಾರರ ಮಗ, 2024ರಲ್ಲಿ 43ನೇ ವಯಸ್ಸಿಗೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದರು.

ಹಾಸನದ ಕೋಚ್

ಅಮ್ಮಾ, ಒಳ್ಳೆ ಮಾತು. ಡಬಲ್ಸ್ ಆಡಿಸಿದರೆ ಇನ್ನೊಂದು ಲಾಭ, ಒಂದೇ ಜಾಗದಲ್ಲಿ ನಾಲ್ಕು ಮಕ್ಕಳು ಆಡಬಹುದು. ಸುಮ್ನೆ ಸಾಲಿನಲ್ಲಿ ನಿಂತ ಮಗು ಮುಂದಿನ ವಾರ ಬರುವುದಿಲ್ಲ.

ತೋಟದ ಮನೆ, ಮೂಡಿಗೆರೆ

ನಾನು ಕೋಚ್ ಅಲ್ಲ. ಆದರೆ ಜಾಗದ ಬಗ್ಗೆ ಒಂದು ಮಾತು. ನಮ್ಮಲ್ಲಿ ಪ್ರತಿ ತೋಟದಲ್ಲೂ ಕಾಫಿ ಒಣಗಿಸುವ ಸಿಮೆಂಟ್ ಕಣ ಇದೆ. ಕಾಫಿ, ಮೆಣಸು ಎಲ್ಲ ಮುಗಿದ ಮೇಲೆ ಏಪ್ರಿಲ್, ಮೇನಲ್ಲಿ ಅದು ಖಾಲಿ ಬಿದ್ದಿರುತ್ತದೆ, ಮಕ್ಕಳಿಗೂ ಆಗಲೇ ರಜೆ. ಲೈನ್ ಮನೆ (ತೋಟದ ಕಾರ್ಮಿಕರ ಸಾಲು ಮನೆ) ಮಕ್ಕಳು ಅಲ್ಲೇ ಇರುತ್ತಾರೆ, ಬಸ್ಸಿನ ಚಿಂತೆ ಇಲ್ಲ. ನೆಲ ಸಪಾಟಾಗಿದೆ ಅಲ್ವಾ, ಸಾಕಾಗುತ್ತದಾ?

ಚಿಕ್ಕಮಗಳೂರು ಹುಡುಗ

ಸಾರ್, ಸಾಕಾಗುತ್ತದೆ! ಕಣ ನನಗೆ ಹೊಳೆದೇ ಇರಲಿಲ್ಲ. ನೀರು ಹರಿದು ಹೋಗಲು ಸ್ವಲ್ಪ ಇಳಿಜಾರು ಇರುತ್ತದೆ, ಕೆಂಪು ಚೆಂಡಿಗೆ ಅದು ಅಡ್ಡಿಯಾಗುವುದಿಲ್ಲ. ಅಂಚಿನಲ್ಲಿ ಕಟ್ಟೆ ಇದ್ದರೆ ಮಕ್ಕಳು ಎಡವದ ಹಾಗೆ ಗೆರೆಯನ್ನು ಒಳಗೆ ಹಾಕಬೇಕು ಅಷ್ಟೇ. ಏಪ್ರಿಲ್ ಮೊದಲ ವಾರ ಬಂದು ಅಳತೆ ನೋಡುತ್ತೇನೆ, ನಿಮ್ಮ ನಂಬರ್ ಮೆಸೇಜ್ ಮಾಡಿ. ಮೇಷ್ಟ್ರೇ, ನಿಮ್ಮ ಶಾಲೆಗೂ ಬರಲಾ?

ಪಿಟಿ ಮೇಷ್ಟ್ರು, ಬೇಲೂರು ಕಡೆ

ಬನ್ನಿ. ರಜೆ ಶುರುವಾಗುವುದರೊಳಗೆ ಬಂದರೆ ಹೆಡ್ ಮೇಷ್ಟ್ರ ಹತ್ತಿರ ಮಾತಾಡಿಸುತ್ತೇನೆ.